1883ರಲ್ಲಿ ಅಮೇರಿಕಾಕ್ಕೆ ವೈದ್ಯಕೀಯ ಓದಲು ಬಂದ ಹುಡುಗಿ: ಡಾ. ಆನಂದಿಬಾಯಿ ಜೋಶಿ



ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಕಿವಿಗೆ ಬೀಳುವ ಮಾತುಗಳು ಇತ್ತೀಚೆಗೆ ಬದಲಾಗಿವೆ. ಮೊದಲೆಲ್ಲ ಮನೆ ಎಲ್ಲಿ ಕೊಂಡಿರಿ, ಊರಿಗೆ ಯಾವಾಗ ಹೊರಟಿರಿ ಎಂಬ ವಿಚಾರಣೆಯೇ ಹೆಚ್ಚು. ಈಗ ಹಿರಿಯ ಸದಸ್ಯರ ಮಕ್ಕಳು ಕಾಲೇಜು ಮುಗಿಸುತ್ತಿದ್ದಾರೆ. ಹಾಗಾಗಿ ಮೆಡಿಕಲ್ ಸ್ಕೂಲ್, ಎಂಕ್ಯಾಟ್ ಪರೀಕ್ಷೆ, ವರ್ಷದ ಫೀ ಎಷ್ಟು, ಸಾಲ ಯಾರು ಕೊಡುತ್ತಾರೆ ಎಂಬುದೇ ಮಾತು.

ಇದರಲ್ಲಿ ನಮ್ಮ ಹಲವು ಕುಟುಂಬಗಳಿಗೆ ಇನ್ನೊಂದು ತೊಡಕೂ ಇದೆ. ತಂದೆತಾಯಿಯ ಗ್ರೀನ್ ಕಾರ್ಡ್ ಅರ್ಜಿ ವರ್ಷಗಟ್ಟಲೆ ಸಾಲಿನಲ್ಲೇ ನಿಂತಿರುತ್ತದೆ. ಎಚ್-4 ವೀಸಾದಲ್ಲಿ ಇಲ್ಲೇ ಬೆಳೆದ ಮಗುವಿಗೆ 21 ತುಂಬಿದರೆ ಆ ವೀಸಾ ಮುಗಿಯಿತು. ಇಲ್ಲೇ ಶಾಲೆ ಕಲಿತ ಮಗಳು ಒಂದು ಬೆಳಿಗ್ಗೆ ಎದ್ದರೆ ವಿದೇಶೀ ವಿದ್ಯಾರ್ಥಿನಿ! ಅನೇಕ ಮೆಡಿಕಲ್ ಸ್ಕೂಲ್‌ಗಳು ವಿದೇಶೀ ವಿದ್ಯಾರ್ಥಿಗಳ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವ ಕಡೆಗಳಲ್ಲೂ ಕೆಲವರು ಮುಂದಿನ ವರ್ಷಗಳ ಫೀ ಹಣವನ್ನು ಮೊದಲೇ ಒಂದು ಖಾತೆಯಲ್ಲಿ ಇಟ್ಟು ತೋರಿಸಿ ಎನ್ನುತ್ತಾರೆ. ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಇಂಥ ಮಕ್ಕಳಿಗೆ ಸಿಗುವುದಿಲ್ಲ.

ಕಂಪ್ಯೂಟರ್ ವಿಷಯದಲ್ಲಿ ಎಂ.ಎಸ್. ಮಾಡಲು ನಾನು ಇಲ್ಲಿಗೆ ಬಂದಾಗ ಐ-20 ಕಾಗದ, ಬ್ಯಾಂಕಿನ ಪತ್ರ, ಸಾಲದ ಪತ್ರ ಎಲ್ಲವನ್ನೂ ಒಂದು ಫೈಲಿನಲ್ಲಿ ಎದೆಗವಚಿಕೊಂಡು ಬಂದಿದ್ದೆ. ನನ್ನಷ್ಟು ಕಷ್ಟಪಟ್ಟು ಓದಲು ಬಂದವರು ಯಾರೂ ಇಲ್ಲ ಎಂದೇ ಆಗ ಅನ್ನಿಸಿತ್ತು. ಆಮೇಲೆ ಒಂದು ರಜಾದಿನ ಆನಂದಿಬಾಯಿ ಜೋಶಿಯವರ ಜೀವನವನ್ನು ಓದಿದೆ. ಆ ಅಭಿಪ್ರಾಯ ಅಂದಿಗೇ ಹೋಯಿತು. ಆಕೆಯ ಹೆಸರನ್ನು ನಿಮ್ಮಲ್ಲಿ ಬಹಳ ಮಂದಿ ಕೇಳಿರುತ್ತೀರಿ. ಆದರೆ ಆಕೆಗೆ ಸೀಟು ಹೇಗೆ ಸಿಕ್ಕಿತು, ಹಣ ಎಲ್ಲಿಂದ ಬಂತು, ಅದಕ್ಕೆ ಆಕೆ ತೆತ್ತ ಬೆಲೆ ಏನು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅದನ್ನು ಹೇಳುವುದಕ್ಕೇ ಈ ಲೇಖನ.

ಆಕೆ ಹುಟ್ಟಿದ್ದು 1865ರ ಮಾರ್ಚ್ 31ರಂದು, ಮುಂಬಯಿ ಹತ್ತಿರದ ಕಲ್ಯಾಣದ ಒಂದು ಬ್ರಾಹ್ಮಣ ಕುಟುಂಬದಲ್ಲಿ. ಮನೆಯವರು ಇಟ್ಟ ಹೆಸರು ಯಮುನಾ. 9ನೇ ವಯಸ್ಸಿಗೆ ಮದುವೆ. ಗಂಡ ಗೋಪಾಲರಾವ್ ಜೋಶಿ ಆಕೆಗಿಂತ ಸುಮಾರು 20 ವರ್ಷ ದೊಡ್ಡವನು, ವಿಧುರ, ಅಂಚೆ ಇಲಾಖೆಯಲ್ಲಿ ಗುಮಾಸ್ತ. ಮದುವೆಯ ನಂತರ ಆತ ಇಟ್ಟ ಹೆಸರೇ ಆನಂದಿ.

ಈ ಗೋಪಾಲರಾವ್ ವಿಚಿತ್ರ ಮನುಷ್ಯ. ಹೆಂಡತಿ ಓದಲೇಬೇಕು ಎಂಬ ಹಟ ಆತನಿಗೆ. ಆ ಕಾಲದ ಗಂಡಂದಿರು ಹೆಂಡತಿ ಪುಸ್ತಕ ಹಿಡಿದರೆ ಸಿಟ್ಟಾಗುತ್ತಿದ್ದರು. ಈತ ಪುಸ್ತಕ ಬಿಟ್ಟು ಅಡುಗೆ ಮನೆಗೆ ಹೋದರೆ ಸಿಟ್ಟಾಗುತ್ತಿದ್ದ. ಹೊಡೆಯುತ್ತಿದ್ದ ಕೂಡ. ಆನಂದಿ ಮುಂದೆ ಅಮೇರಿಕಾದಿಂದ ಬರೆದ ಪತ್ರವೊಂದರಲ್ಲಿ, ಚಿಕ್ಕವಳಿದ್ದಾಗ ತಿಂದ ಆ ಏಟುಗಳನ್ನು ಮುಚ್ಚುಮರೆಯಿಲ್ಲದೆ ಗಂಡನಿಗೇ ನೆನಪಿಸಿದ್ದಾಳೆ. ಅದೇ ಗಂಡ ಇಲ್ಲದಿದ್ದರೆ ತಾನು ಅಲ್ಲಿಗೆ ತಲುಪುತ್ತಿರಲಿಲ್ಲ ಎಂಬುದೂ ಆಕೆಗೆ ಗೊತ್ತಿತ್ತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಆಕೆಯ ಕಥೆ ಅರ್ಧವಾಗುತ್ತದೆ.

14ರ ಆಸುಪಾಸಿನಲ್ಲಿ ಆನಂದಿ ಒಂದು ಗಂಡು ಮಗುವನ್ನು ಹೆತ್ತಳು. ಮಗು ಬದುಕಿದ್ದು 10 ದಿನ. ಬೇಕಾದ ವೈದ್ಯೋಪಚಾರ ಸಿಗಲಿಲ್ಲ. ಆಗ ಗಂಡಸು ಡಾಕ್ಟರು ಮನೆಯ ಹೆಂಗಸನ್ನು ಮುಟ್ಟಿ ನೋಡುವುದನ್ನು ಎಷ್ಟೋ ಕುಟುಂಬಗಳು ಒಪ್ಪುತ್ತಿರಲಿಲ್ಲ. ಹೆಣ್ಣು ಡಾಕ್ಟರು ಎಂಬುವರು ಇಲ್ಲವೇ ಇಲ್ಲ ಎನ್ನಬೇಕು. ತಾನು ಡಾಕ್ಟರಾಗಬೇಕು ಎಂಬ ಯೋಚನೆ ಆನಂದಿಯಲ್ಲಿ ಗಟ್ಟಿಯಾಗಿದ್ದು ಆ ಸಾವಿನಿಂದ.

1878ರಲ್ಲಿ ಗೋಪಾಲರಾವ್ ಕೊಲ್ಹಾಪುರದಲ್ಲಿದ್ದ. ಬೆಳಗಾವಿ ಕಡೆಯವರಿಗೆ ಪಕ್ಕದ ಊರು. ಅಲ್ಲಿನ ಅಮೇರಿಕನ್ ಮಿಷನರಿಗಳ ಮೂಲಕ ಆತ ಒಂದು ಪತ್ರ ಕಳಿಸಿದ: ಹೆಂಡತಿಗೆ ಅಮೇರಿಕಾದಲ್ಲಿ ಓದು ಕೊಡಿಸಬೇಕು, ತನಗೂ ಅಲ್ಲೊಂದು ಕೆಲಸ ಬೇಕು, ಸಹಾಯ ಸಿಕ್ಕೀತೇ? ಪತ್ರ ಪ್ರಿನ್ಸ್‌ಟನ್ನಿನಲ್ಲಿದ್ದ ರಾಯಲ್ ವೈಲ್ಡರ್ ಎಂಬ ಪಾದ್ರಿಯ ಕೈ ಸೇರಿತು. ಸಹಾಯ ಮಾಡಬಹುದು, ಆದರೆ ಗಂಡ ಹೆಂಡತಿ ಕ್ರೈಸ್ತರಾಗಬೇಕು ಎಂಬ ಧಾಟಿಯಲ್ಲಿತ್ತು ಉತ್ತರ. ಜೋಶಿ ದಂಪತಿ ಒಪ್ಪಲಿಲ್ಲ. ಮಾತುಕತೆ ಅಲ್ಲಿಗೇ ನಿಂತಿತು. ಈಗಿನ ಭಾಷೆಯಲ್ಲಿ ಹೇಳುವುದಾದರೆ, ಸ್ಕಾಲರ್‌ಶಿಪ್ ಕೈಗೆಟುಕುವಂತಿತ್ತು, ಷರತ್ತು ಒಪ್ಪಿಗೆಯಾಗಲಿಲ್ಲ.

ವೈಲ್ಡರ್ ಆ ಪತ್ರಗಳನ್ನು ತನ್ನ ಮಿಷನರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದ. ನ್ಯೂಜೆರ್ಸಿಯ ರೊಸೆಲ್ ಊರಿನ ಥಿಯೋಡೀಷಿಯಾ ಕಾರ್ಪೆಂಟರ್ ಎಂಬಾಕೆ 1880ರಲ್ಲಿ ಹಲ್ಲಿನ ಡಾಕ್ಟರ ಬಳಿ ಹೋಗಿದ್ದಾಗ, ಕಾಯುವ ಕೋಣೆಯಲ್ಲಿ ಆ ಪತ್ರಿಕೆಯ ಹಳೆಯ ಸಂಚಿಕೆಯೊಂದನ್ನು ತಿರುವಿ ಹಾಕಿದಳು. ಗುರುತು ಪರಿಚಯವಿಲ್ಲದ ಆ ಹುಡುಗಿಗೆ ತಾನೇ ಪತ್ರ ಬರೆದಳು. ಆನಂದಿ ಉತ್ತರಿಸಿದಳು. ಹಾಗೆ ಶುರುವಾದ ಪತ್ರ ವ್ಯವಹಾರ ವರ್ಷಗಟ್ಟಲೆ ನಡೆದು, ಶ್ರೀಮತಿ ಕಾರ್ಪೆಂಟರ್ ಆನಂದಿಗೆ ಚಿಕ್ಕಮ್ಮನಂತಾದಳು. ಮತ ಬದಲಿಸು ಎಂಬ ಷರತ್ತು ಇಲ್ಲಿ ಇರಲಿಲ್ಲ.

ಅಷ್ಟರಲ್ಲಿ ಗೋಪಾಲರಾವ್‌ಗೆ ಬಂಗಾಳಕ್ಕೆ ವರ್ಗವಾಗಿತ್ತು. ಕಲ್ಕತ್ತಾದಲ್ಲಿ ಆನಂದಿಯ ಆರೋಗ್ಯ ಕೆಟ್ಟಿತು. ನಿಶ್ಶಕ್ತಿ, ಬಿಡದ ತಲೆನೋವು, ಆಗಾಗ ಜ್ವರ, ಕೆಲವೊಮ್ಮೆ ಉಸಿರಾಟದ ತೊಂದರೆ. ಶ್ರೀಮತಿ ಕಾರ್ಪೆಂಟರ್ ಅಮೇರಿಕಾದಿಂದ ಔಷಧಿ ಕಳಿಸಿದಳು, ಗುಣ ಕಾಣಲಿಲ್ಲ. ಇದನ್ನು ನೆನಪಿಡಿ, ಮುಂದೆ ಇದೇ ಮುಖ್ಯವಾಗುತ್ತದೆ.

ಗಂಡ ಹೆಂಡತಿ ಇಬ್ಬರೂ ಹೋಗುವಷ್ಟು ಹಣ ಇರಲಿಲ್ಲ. ಆನಂದಿ ಒಬ್ಬಳೇ ಹೋಗುವುದೆಂದು ತೀರ್ಮಾನವಾಯಿತು. ಬ್ರಾಹ್ಮಣರ ಮನೆಯ ಹೆಣ್ಣು ಸಮುದ್ರ ದಾಟುವುದೆಂದರೆ, ಅದೂ ಗಂಡನಿಲ್ಲದೆ, ಜಾತಿಯಿಂದ ಹೊರಗೆ ಹಾಕಿಸಿಕೊಳ್ಳುವ ವಿಷಯ. ಬೈಗುಳ ಶುರುವಾಯಿತು. ಆಗ ಆಕೆ ಮಾಡಿದ ಕೆಲಸ ದೊಡ್ಡದು. 1883ರ ಫೆಬ್ರವರಿ 24ರಂದು ಸೆರಾಂಪುರ ಕಾಲೇಜಿನ ಸಭಾಂಗಣದಲ್ಲಿ ಎಲ್ಲರೆದುರು ನಿಂತು, ತಾನು ಅಮೇರಿಕಾಕ್ಕೆ ಹೋಗುವುದು ಏಕೆ ಎಂದು ಇಂಗ್ಲಿಷಿನಲ್ಲಿ ಭಾಷಣ ಮಾಡಿದಳು. ವಯಸ್ಸು ಇನ್ನೂ 18 ತುಂಬಿರಲಿಲ್ಲ.

ಜನ ಕೇಳುತ್ತಿದ್ದ ಪ್ರಶ್ನೆಗಳನ್ನೇ ಒಂದೊಂದಾಗಿ ಎತ್ತಿಕೊಂಡು ಉತ್ತರ ಕೊಟ್ಟಳು. ಇಲ್ಲೇ ಏಕೆ ಓದಬಾರದು? ಮದರಾಸಿನಲ್ಲಿ ಒಂದು ಕಾಲೇಜು ಇದೆ, ಉಳಿದ ಕಡೆ ಸೂಲಗಿತ್ತಿಯರ ತರಗತಿಗಳಿವೆ, ಆ ಕಲಿಕೆ ಸಾಲದು ಎಂದಳು. ಒಬ್ಬಳೇ ಏಕೆ? ಗಂಡನ ಮೇಲೆ ಮನೆಯವರ ಹೊಣೆ ಇದೆ ಎಂದಳು. ಜಾತಿಯಿಂದ ಹೊರಗೆ ಹಾಕಿದರೆ? ಅದಕ್ಕೆ ಹೆದರುವುದಿಲ್ಲ, ಹಿಂದೂವಾಗಿಯೇ ಹೋಗಿ ಹಿಂದೂವಾಗಿಯೇ ಮರಳುತ್ತೇನೆ ಎಂದಳು. ಈ ದೇಶಕ್ಕೆ ಹೆಣ್ಣು ಡಾಕ್ಟರುಗಳು ಬೇಕು, ಅದಕ್ಕಾಗಿ ತಾನು ಹೊರಟಿರುವುದು ಎಂಬುದು ಎಲ್ಲ ಉತ್ತರಗಳ ಹಿಂದಿದ್ದ ಮಾತು.

ಭಾಷಣದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬೇರೆ ಬೇರೆ ಕಡೆಯಿಂದ ಹಣ ಬರತೊಡಗಿತು. ವೈಸರಾಯ್ 200 ರೂಪಾಯಿ ಕೊಟ್ಟರು. ಆನಂದಿ ತನ್ನ ಚಿನ್ನದ ಬಳೆಗಳನ್ನು ಮಾರಿದಳು. ಹೀಗೆ ಪ್ರಯಾಣದ ಖರ್ಚು ಕೂಡಿತು. ನಮ್ಮಲ್ಲಿ ಎಷ್ಟೋ ಜನರ ಮೊದಲ ವಿಮಾನ ಟಿಕೆಟ್ಟಿನ ಹಿಂದೆಯೂ ಅಮ್ಮನ ಬಳೆಗಳಿವೆ, ಈ ಸಾಲು ಓದುವಾಗ ಅವರಿಗೆ ಬೇರೇನೂ ಹೇಳಬೇಕಾಗಿಲ್ಲ.

1883ರ ಏಪ್ರಿಲ್ 7ರಂದು ಕಲ್ಕತ್ತಾದಿಂದ ಹಡಗು ಹತ್ತಿದಳು. ಜೊತೆಗೆ ಮಿಷನರಿ ಹೆಂಗಸರು. ಜೂನ್ 4ಕ್ಕೆ ನ್ಯೂಯಾರ್ಕ್. ಹೆಚ್ಚುಕಡಿಮೆ ಎರಡು ತಿಂಗಳ ಪ್ರಯಾಣ. ಬಂದರಿನಲ್ಲಿ ಶ್ರೀಮತಿ ಕಾರ್ಪೆಂಟರ್ ಕಾದಿದ್ದಳು. ಆಗ ವಿದ್ಯಾರ್ಥಿ ವೀಸಾ ಎಂಬುದೇ ಇರಲಿಲ್ಲ, ಐ-20 ಇರಲಿಲ್ಲ. ಸೀಟೂ ಸಿಕ್ಕಿರಲಿಲ್ಲ! ದೇಶ ತಲುಪಿದ ಮೇಲೆ ಕಾಲೇಜಿಗೆ ಅರ್ಜಿ.

ಕಲ್ಕತ್ತಾದಲ್ಲಿ ಪರಿಚಯವಾಗಿದ್ದ ವೈದ್ಯ ದಂಪತಿ ಹೇಳಿದ್ದ ಕಾಲೇಜು ಫಿಲಡೆಲ್ಫಿಯಾದಲ್ಲಿತ್ತು. ಹೆಸರು ವುಮನ್ಸ್ ಮೆಡಿಕಲ್ ಕಾಲೇಜ್ ಆಫ್ ಪೆನ್ಸಿಲ್ವೇನಿಯಾ. 1850ರಲ್ಲಿ ಹೆಣ್ಣುಮಕ್ಕಳಿಗೆಂದೇ ಶುರುವಾದ ಕಾಲೇಜು ಅದು. ಇವತ್ತು ಡ್ರೆಕ್ಸೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಸೇರಿಹೋಗಿದೆ. 1883ರ ಜೂನ್ 28ರಂದು ರೊಸೆಲ್‌ನಿಂದ ಆನಂದಿ ಬರೆದ ಅರ್ಜಿ ಪತ್ರ ಈಗಲೂ ಉಳಿದಿದೆ.

ಈ ಪತ್ರವನ್ನು ಅರ್ಜಿ ಹಾಕುವ ಮಕ್ಕಳೆಲ್ಲ ಓದಬೇಕು. ಇಂದು ಪರ್ಸನಲ್ ಸ್ಟೇಟ್‌ಮೆಂಟ್ ಬರೆಸಲು ಸಲಹೆಗಾರರಿಗೆ ಹಣ ಕೊಡುತ್ತೇವೆ. ಆನಂದಿ ಒಂದು ಪುಟ್ಟ ಪತ್ರದಲ್ಲಿ ಮೂರು ವಿಷಯ ಹೇಳಿದಳು. ಮೊದಲನೆಯದು, ನಿಮ್ಮ ನಿಯಮಗಳೆಲ್ಲಕ್ಕೂ ನಾನು ಹೊಂದದೇ ಇರಬಹುದು, ನನ್ನ ಪರಿಸ್ಥಿತಿ ಬೇರೆ, ಅದನ್ನು ಗಮನಿಸಿ ಎಂದು. ಎರಡನೆಯದು, ಏನು ಬಂದದ್ದಕ್ಕೆ ಬಂದೆ ಎಂದು: ಗಂಡಸು ಡಾಕ್ಟರಿಗೆ ತೋರಿಸಿಕೊಳ್ಳುವುದಕ್ಕಿಂತ ಸಾಯುವುದೇ ಮೇಲು ಎನ್ನುವ ತನ್ನ ದೇಶದ ಹೆಂಗಸರಿಗೆ ಸರಿಯಾದ ಚಿಕಿತ್ಸೆ ಕೊಡುವುದು. ಮೂರನೆಯದು, ತನ್ನ ಸ್ವಂತಕ್ಕೆ ಏನೂ ಬೇಡ, ಈ ಕೆಲಸಕ್ಕೆ ತಯಾರಾಗಲು ಬೇಕಾದಷ್ಟು ಕೊಡಿ ಎಂದು. ದೊಡ್ಡಸ್ತಿಕೆಯೂ ಇಲ್ಲ, ಗೋಳಾಟವೂ ಇಲ್ಲ.

ಅದೇ ಪತ್ರದಲ್ಲಿ ತನ್ನ ಆರೋಗ್ಯ ಚೆನ್ನಾಗಿದೆ ಎಂದೂ ಬರೆದಳು. ಕಲ್ಕತ್ತಾದ ತಲೆನೋವು, ಜ್ವರದ ಮಾತು ಅಲ್ಲಿ ಇಲ್ಲ. ಸೀಟು ತಪ್ಪೀತು ಎಂಬ ಭಯ ಇದ್ದವರು ಬೇರೆ ಏನು ಬರೆದಾರು?

ಕಾಲೇಜಿನ ಡೀನ್ ಆಗಿದ್ದವರು ರೇಚಲ್ ಬಾಡ್ಲಿ, ರಸಾಯನಶಾಸ್ತ್ರದ ಪ್ರಾಧ್ಯಾಪಕಿ. ಅವರು ಆನಂದಿಗೆ ಸೀಟು ಕೊಟ್ಟರು, ವಿದ್ಯಾರ್ಥಿವೇತನಕ್ಕೂ ವ್ಯವಸ್ಥೆಯಾಯಿತು. ಫಿಲಡೆಲ್ಫಿಯಾಕ್ಕೆ ಬಂದ ಹುಡುಗಿಯನ್ನು ಮೊದಲು ತಮ್ಮ ಮನೆಯಲ್ಲೇ ಇರಿಸಿಕೊಂಡರು. 1883ರ ಶರತ್ಕಾಲದಲ್ಲಿ ಓದು ಶುರುವಾಯಿತು. ಸೀಟಿನ ಚಿಂತೆ ಮುಗಿಯಿತು, ಫೀ ಚಿಂತೆ ಮುಗಿಯಿತು. ನಾವಾದರೆ ಇಲ್ಲಿಗೆ ಸಿಹಿ ಹಂಚುತ್ತಿದ್ದೆವು.

ನಿಜವಾದ ಖರ್ಚು ಶುರುವಾದದ್ದು ಆಮೇಲೆ. ಆನಂದಿ ಇರಬೇಕಾಗಿ ಬಂದ ಕೋಣೆಯ ಬೆಂಕಿಗೂಡು ಸರಿಯಿರಲಿಲ್ಲ. ಬೆಂಕಿ ಹಾಕಿದರೆ ಕೋಣೆಯ ತುಂಬ ಹೊಗೆ, ಹಾಕದಿದ್ದರೆ ಚಳಿ. ಪೂರ್ವ ತೀರದ ಚಳಿಗಾಲ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆಕೆ ಸೀರೆ ಬಿಡಲಿಲ್ಲ. ಶಾಕಾಹಾರ ಬಿಡಲಿಲ್ಲ. ಆಗಿನ ಫಿಲಡೆಲ್ಫಿಯಾದಲ್ಲಿ ಬೇಳೆ, ಅಕ್ಕಿ, ಸೊಪ್ಪು ಸಿಗುವ ಇಂಡಿಯನ್ ಅಂಗಡಿ ಎಲ್ಲಿಯದು? ಬೇಯಿಸಿದ ಆಲೂಗಡ್ಡೆಯಂಥ ಊಟದಲ್ಲೇ ದಿನ ತಳ್ಳಿದಳು. ಮೊದಲೇ ಸೋತಿದ್ದ ಮೈ ಅದು. ಗಂಟಲುಮಾರಿ, ಅಂದರೆ ಡಿಫ್ತೀರಿಯಾ ಬಂದು ಬದುಕಿದ್ದೇ ಹೆಚ್ಚು ಎನ್ನುವಂತಾಯಿತು. ಆಮೇಲೆ ಕ್ಷಯ ಹಿಡಿಯಿತು. ಆಗ ಕ್ಷಯಕ್ಕೆ ಮದ್ದು ಇರಲಿಲ್ಲ.

ಓದು ಮಾತ್ರ ನಿಲ್ಲಲಿಲ್ಲ. 1885ರ ಅಕ್ಟೋಬರ್ 10ರಂದು ತೆಗೆದ ಒಂದು ಫೋಟೋವನ್ನು ನೀವು ನೋಡಿರಬಹುದು. ಅದರಲ್ಲಿ ಮೂವರು ಹುಡುಗಿಯರು: ಸೀರೆಯಲ್ಲಿ ಆನಂದಿ, ಕಿಮೊನೊದಲ್ಲಿ ಜಪಾನಿನ ಕೇ ಒಕಾಮಿ, ತಮ್ಮ ನಾಡಿನ ಉಡುಗೆಯಲ್ಲಿ ಸಿರಿಯಾದ ಸಬಾತ್ ಇಸ್ಲಾಂಬೂಲಿ. ಮೂವರೂ ಅದೇ ಕಾಲೇಜಿನ ವಿದೇಶೀ ವಿದ್ಯಾರ್ಥಿನಿಯರು. ಉಳಿದಿಬ್ಬರೂ ಮುಂದೆ ಅಲ್ಲೇ ಪದವಿ ಪಡೆದರು.

ಆನಂದಿ ತನ್ನ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಹಿಂದೂಗಳಲ್ಲಿ ಹೆರಿಗೆಯ ಪದ್ಧತಿಗಳು. 10 ದಿನ ಬದುಕಿದ ಮಗುವಿನ ತಾಯಿ ಬೇರೆ ವಿಷಯ ಆರಿಸುವಂತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. 1886ರ ಮಾರ್ಚ್ 11ರಂದು ಆಕೆ ಎಂ.ಡಿ. ಪದವಿ ಪಡೆದಳು. ವಯಸ್ಸು 21ಕ್ಕೆ ಇಪ್ಪತ್ತು ದಿನ ಕಡಿಮೆ. ಪಾಶ್ಚಾತ್ಯ ವೈದ್ಯಪದವಿ ಪಡೆದ ಭಾರತದ ಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬಳು. ಅದೇ ವರ್ಷ ಕಲ್ಕತ್ತಾದಲ್ಲಿ ಕಾದಂಬಿನಿ ಗಂಗೂಲಿಯವರೂ ವೈದ್ಯರಾದರು.

ಆ ಪದವಿ ಸಮಾರಂಭಕ್ಕೆ ಗೋಪಾಲರಾವ್ ಬಂದಿದ್ದ. ಇನ್ನೊಬ್ಬ ಅತಿಥಿಯೂ ಇಂಗ್ಲೆಂಡಿನಿಂದ ಬಂದಿದ್ದರು: ಪಂಡಿತಾ ರಮಾಬಾಯಿ, ಆನಂದಿಯ ದೂರದ ಸಂಬಂಧಿ. ರಮಾಬಾಯಿ ನಮ್ಮ ನಾಡಿನಲ್ಲಿ ಹುಟ್ಟಿದವರು. ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಅವರ ಜನನ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಫಿಲಡೆಲ್ಫಿಯಾದ ಆ ಸಭೆಯಲ್ಲಿ ತುಂಗಭದ್ರೆಯರ ಮೂಲದಲ್ಲಿ ಹುಟ್ಟಿದ ಒಬ್ಬರು ಕೂತು ನೋಡಿದ್ದರು ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಮರುವರ್ಷ ರಮಾಬಾಯಿ ಬರೆದ ಇಂಗ್ಲಿಷ್ ಪುಸ್ತಕಕ್ಕೆ ಡೀನ್ ಬಾಡ್ಲಿಯವರೇ ಮುನ್ನುಡಿ ಬರೆದರು.

ಇತ್ತ ಕೊಲ್ಹಾಪುರದಿಂದ ಕೆಲಸದ ಕರೆ ಬಂತು. ಅಲ್ಲಿನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಿಭಾಗಕ್ಕೆ ಡಾ. ಆನಂದಿಬಾಯಿ ಜೋಶಿ ಮುಖ್ಯ ವೈದ್ಯೆ. ಎಂಟು ವರ್ಷದ ಹಿಂದೆ ಮೊದಲ ಪತ್ರ ಹೊರಟದ್ದು ಅದೇ ಊರಿನಿಂದ. 1886ರ ಅಕ್ಟೋಬರ್‌ನಲ್ಲಿ ಅಮೇರಿಕಾ ಬಿಟ್ಟು ನವೆಂಬರ್‌ನಲ್ಲಿ ಮುಂಬಯಿ ತಲುಪಿದಳು. ಊರಿನವರು ಸಂಭ್ರಮದಿಂದ ಸ್ವಾಗತಿಸಿದರು. ಕೇಸರಿ ಪತ್ರಿಕೆಯ ತಿಲಕರು 100 ರೂಪಾಯಿ ಸಹಾಯ ಕಳಿಸಿದರು. ಆದರೆ ಕೊಲ್ಹಾಪುರದ ಆಸ್ಪತ್ರೆಯಲ್ಲಿ ಆಕೆ ಒಬ್ಬ ರೋಗಿಯನ್ನೂ ನೋಡಲಾಗಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಕ್ಷಯದಿಂದ ತೀರಿಕೊಂಡಳು. ಸೆರಾಂಪುರದ ಭಾಷಣಕ್ಕೆ ನಾಲ್ಕು ವರ್ಷ ಎರಡು ದಿನ. ಪದವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ವಯಸ್ಸು 22 ತುಂಬಿರಲಿಲ್ಲ.

ಚಿತಾಭಸ್ಮವನ್ನು ಶ್ರೀಮತಿ ಕಾರ್ಪೆಂಟರ್‌ಗೆ ಕಳಿಸಲಾಯಿತು. ಆಕೆ ಅದನ್ನು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ ತಮ್ಮ ಕುಟುಂಬದ ಸ್ಮಶಾನದ ಜಾಗದಲ್ಲಿ ಹೂಳಿಸಿ ಕಲ್ಲು ನಿಲ್ಲಿಸಿದಳು. ಪೊಕೀಪ್ಸಿ ಎಂದರೆ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಐ.ಬಿ.ಎಂ. ಇರುವ ಊರು. ಹಡ್ಸನ್ ನದಿಯ ದಂಡೆಯಲ್ಲಿ ನ್ಯೂಯಾರ್ಕ್ ನಗರದಿಂದ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಆ ದಾರಿಯಲ್ಲಿ ಓಡಾಡಿದ ನಮ್ಮವರು ಎಷ್ಟೋ ಜನ, ಪೊಕೀಪ್ಸಿ ರೂರಲ್ ಸ್ಮಶಾನದಲ್ಲಿ ಕಲ್ಯಾಣದ ಹುಡುಗಿಯೊಬ್ಬಳು ಇದ್ದಾಳೆ ಎಂದು ತಿಳಿದವರು ಕಡಿಮೆ.

ಆಕೆ ತೆರೆದ ಬಾಗಿಲು ಮುಚ್ಚಲಿಲ್ಲ. 1892ರಲ್ಲಿ ಗುರುಬಾಯಿ ಕರ್ಮರ್ಕರ್ ಅದೇ ಕಾಲೇಜಿನಿಂದ ಪದವಿ ಪಡೆದು ಭಾರತಕ್ಕೆ ಮರಳಿ ಮುಂಬಯಿಯಲ್ಲಿ ದೀರ್ಘಕಾಲ ವೈದ್ಯೆಯಾಗಿ ದುಡಿದರು. ಶುಕ್ರ ಗ್ರಹದ ಒಂದು ಕುಳಿಗೆ ಆನಂದಿಯ ಹೆಸರಿದೆ. 2018ರ ಮಾರ್ಚ್ 31ರಂದು ಗೂಗಲ್ ತನ್ನ ಮುಖಪುಟದಲ್ಲಿ ಆಕೆಯ ಚಿತ್ರ ಹಾಕಿತ್ತು. ಆಫೀಸಿನಲ್ಲಿ ಅದನ್ನು ನೋಡಿದವರು ಹಲವರಿರಬೇಕು.

ಇಷ್ಟೆಲ್ಲ ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಹೊಗೆ ತುಂಬಿದ ಕೋಣೆ. ಆನಂದಿಗೆ ಸಹಾಯ ಮಾಡಿದವರೆಲ್ಲ ಒಳ್ಳೆಯವರೇ. ಹಡಗಿನ ಖರ್ಚು ಕೂಡಿತು, ಫೀ ಕೂಡಿತು, ಪದವಿಯೂ ಬಂತು. ಬೆಚ್ಚಗಿನ ಕೋಣೆ, ಹೊಟ್ಟೆಗೆ ಹಿಡಿಸುವ ಊಟ, ಮೈಗೆ ಹುಷಾರಿಲ್ಲ ಎಂದು ಹೆದರದೆ ಹೇಳಿಕೊಳ್ಳುವ ಧೈರ್ಯ ಮಾತ್ರ ಯಾರ ಪಟ್ಟಿಯಲ್ಲೂ ಬರಲಿಲ್ಲ. ಇವತ್ತಿನ ವಿದೇಶೀ ವಿದ್ಯಾರ್ಥಿಗಳ ಕಥೆಯೂ ಕೆಲವೊಮ್ಮೆ ಹೀಗೇ ಇರುತ್ತದೆ. ಸಾಲ ಮಾಡಿ ಬಂದ ಮಗು ಊಟದಲ್ಲಿ ಉಳಿಸುತ್ತದೆ, ಹೀಟರ್ ಕಡಿಮೆ ಮಾಡುತ್ತದೆ, ಡಾಕ್ಟರ ಬಿಲ್ಲಿಗೆ ಹೆದರಿ ಜ್ವರವನ್ನು ಮುಚ್ಚಿಡುತ್ತದೆ, ಫೋನಿನಲ್ಲಿ ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತದೆ. ನಾನೂ ಹಾಗೇ ಹೇಳಿದ್ದೆ.

ಆದ್ದರಿಂದ ಒಂದು ವಿನಂತಿ. ಮಕ್ಕಳನ್ನು ದೂರದ ಊರಿಗೆ ಓದಲು ಕಳಿಸುವವರು ಫೀ ಲೆಕ್ಕ ಹಾಕುವಾಗ ಕೋಣೆ, ಊಟ, ಆರೋಗ್ಯ ವಿಮೆ ಮೂರನ್ನೂ ಅದೇ ಕಾಗದದಲ್ಲಿ ಬರೆಯಿರಿ. ನಿಮ್ಮ ಊರಿನ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದ ಕನ್ನಡದ ಹುಡುಗ ಹುಡುಗಿಯರಿದ್ದರೆ ಒಂದು ಭಾನುವಾರ ಮನೆಗೆ ಕರೆದು ಬಿಸಿ ಅನ್ನ, ಸಾರು ಬಡಿಸಿ. ರೊಸೆಲ್‌ನ ಒಬ್ಬ ಗೃಹಿಣಿ ಭಾಷೆ, ಮತ, ದೇಶ ಯಾವುದೂ ಒಂದಲ್ಲದ ಹುಡುಗಿಗೆ ಮನೆ ತೆರೆದಳು. ನಮ್ಮವರೇ ಆದ ಮಕ್ಕಳಿಗೆ ನಾವು ಅಷ್ಟು ಮಾಡಬಹುದು.

ಪೊಕೀಪ್ಸಿ ಕಡೆ ಹೋದಾಗ ಒಂದು ಹಿಡಿ ಹೂವು ಹಿಡಿದುಕೊಂಡು ಹೋಗಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.